ಸೋತೆ ಅಂದರೆ ಏನರ್ಥ

ಕಣದ ಹಿಂದಿನ ಕೋಣೆ,
ಇಲ್ಲಿ ಸೂರ್ಯರು ಇಬ್ಬರು. ತಾರೀಕಿನ ವಿಷಯದಲ್ಲಿ ಅವರಿಗೇ ಒಮ್ಮತವಿಲ್ಲ

ಮುದ್ದಿನ ಅಮ್ಮಾ,

ಮಂಡಿನೋವು ಹೇಗಿದೆ? ನಾನಿಲ್ಲವೆಂದು ಅಟ್ಟದ ಡಬ್ಬ ತೆಗೆಯಲು ನೀನೇ ಸ್ಟೂಲು ಹತ್ತುತ್ತಿದ್ದರೆ ಇಲ್ಲಿಂದಲೇ ಬೈಯುತ್ತೇನೆ. ನಾನು ಚೆನ್ನಾಗಿದ್ದೇನೆ. ಎಡಗೈಗೆ ಸ್ವಲ್ಪ ಪೆಟ್ಟಾಗಿದೆ; ಬರೆಯುವುದು ಬಲಗೈ, ಚಿಂತೆ ಬೇಡ. "ನೀನು ಮಾವನ ಮನೆ ಸೇರೋದು ಯಾವಾಗ್ಲೇ" ಎಂದು ಕೊರಗುತ್ತಿದ್ದೆಯಲ್ಲ, ಸೇರಿದ್ದೇನೆ. ಕಂಬಿ ಇರುವ ಮಾವನ ಮನೆ. ಕಾವಲುಗಾರನಿಗೆ ಮೂರು ಕಣ್ಣು, ಅವನನ್ನೇ ಮಾವ ಎನ್ನುತ್ತೇವೆ. ಮೂರನೆಯದು ಸದಾ ತೆರೆದಿದ್ದರೂ ಇದುವರೆಗೆ ಯಾರನ್ನೂ ಸುಟ್ಟಿಲ್ಲ, ಪಾಪ, ಸಾಧು.

ಈ ಲೋಕದವರಿಗೆ ಕಾಳಗ ನೋಡುವ ಚಟ. ಗ್ರಹಗ್ರಹ ಸುತ್ತಿ ವೀರರನ್ನು ಹಿಡಿದು ತರುತ್ತಾರೆ. ನನ್ನನ್ನು ಆರಿಸಿದ್ದು ಏಕೆ ಗೊತ್ತೇ? ಬೆಳಗಿನ ಬಸ್ಸಿನಲ್ಲಿ ನಾನು ಮೊಣಕೈಯಿಂದ ದಾರಿ ಬಿಡಿಸಿಕೊಂಡು ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಟಿಕೆಟ್ ಹರಿಯುತ್ತಾ ಹೋಗುವುದನ್ನು ಮೇಲಿನಿಂದ ನೋಡಿದರಂತೆ. ಒಬ್ಬಳೇ ಒಂದು ದಂಡನ್ನು ಸೀಳಿದಳು ಎಂದುಕೊಂಡರು. ನಾನು ಕಂಡಕ್ಟರ್, ನನ್ನದೆಲ್ಲ ಚಿಲ್ಲರೆ ಜಗಳ ಎಂದರೆ ನಂಬಲಿಲ್ಲ.

ಪಕ್ಕದ ಕೋಣೆಯವನ ಕಥೆ ಇನ್ನೂ ಚಂದ. ಅವನೂ ನಮ್ಮ ಕಡೆಯವನೇ, ಅವನದು ಕಟಿಂಗ್ ಅಂಗಡಿ. ಗಂಡಸರು ಸಾಲಾಗಿ ಕೂತು, ಸರದಿ ಬಂದಾಗ ಅವನ ಕತ್ತಿಗೆ ಕೊರಳೊಡ್ಡುವುದನ್ನು ಕಂಡು ಇವರಿಗೆ ಮೈ ಜುಮ್ಮೆಂದಿದೆ. ತಾನು ತಲೆ ತೆಗೆಯುವವನಲ್ಲ, ತಲೆಗೂದಲು ತೆಗೆಯುವವನು ಎಂದು ಗೋಗರೆದನಂತೆ. ಕತ್ತರಿ ಎಂದು ಹೆಸರಿಟ್ಟಿದ್ದೇನೆ. ಪಂದ್ಯಗಳಲ್ಲಿ ನಾವಿಬ್ಬರೂ ಜೋಡಿ, ಬೆನ್ನಿಗೆ ಬೆನ್ನು. ಒಮ್ಮೆ ಆರು ಕಾಲಿನ ಪ್ರಾಣಿಯೊಂದು ಮೈಮೇಲೆ ಬಂದಾಗ ತನ್ನ ಗುರಾಣಿಯನ್ನು ನನಗೆ ಅಡ್ಡ ಹಿಡಿದು ಕಾಪಾಡಿದ. ಆಮೇಲೆ ಏದುಸಿರು ಬಿಡುತ್ತಲೇ ನನ್ನ ಜಡೆ ನೋಡಿ, "ತುದಿ ಸೀಳಿದೆ, ಸ್ವಲ್ಪ ಟ್ರಿಮ್ ಮಾಡ್ಲಾ?" ಅಂದ. ಇಂಥವನನ್ನು ಏನು ಮಾಡಬೇಕು ಹೇಳು.

ಇವತ್ತಿನ ಕೊನೆಯ ಪಂದ್ಯಕ್ಕೆ ನಮ್ಮಿಬ್ಬರನ್ನೇ ಎದುರುಬದುರು ನಿಲ್ಲಿಸಿದರು. ಗೆದ್ದವರು ಮನೆಗೆ, ಸೋತವರು ಆಯುಷ್ಯವಿಡೀ ಕತ್ತಲ ಗ್ರಹದ ಗಣಿಗೆ. ಸೋತೆ ಎಂದು ಒಬ್ಬರು ಬಾಯಿಬಿಟ್ಟರೆ ಮುಗಿಯಿತು. ತೀರ್ಪು ಕೊಡುವ ಕಣದ ಯಂತ್ರ ನಮ್ಮ ಭಾಷೆ ಕಲಿತಿದೆ. ನಾನು ದೊಣ್ಣೆ ಎತ್ತಿದೆ, ಹೊಡೆಯಲು ಕೈ ಬರಲಿಲ್ಲ. ಅವನು ಹತ್ತಿರ ಬಂದು ಮೆಲ್ಲಗೆ, "ನಿಂಗೆ ನಾನು ಮೊದಲನೇ ದಿನಾನೇ ಸೋತೆ ಕಣೇ" ಅಂದ.

ಯಂತ್ರ ಗಂಟೆ ಬಾರಿಸಿಬಿಟ್ಟಿತು. ಅದಕ್ಕೆ ನಮ್ಮ ವ್ಯಾಕರಣ ಗೊತ್ತು, ವಯ್ಯಾರ ಗೊತ್ತಿಲ್ಲ. ಇದು ಆ ಸೋಲಲ್ಲ, ಮನಸ್ಸು ಸೋಲುವುದು ಎಂದು ಮಾವನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಸೋಲಿನಲ್ಲಿ ಎರಡು ಬಗೆ ಇರುವುದಿಲ್ಲವಂತೆ. ಕತ್ತರಿಯ ಕಾಲಿಗೆ ಸರಪಳಿ ಬಿತ್ತು. ಬೇಕೆಂದೇ ಅಂದನೋ, ಬಾಯಿತಪ್ಪಿ ಬಂತೋ, ಕೇಳಿದರೆ ನಗುತ್ತಾನೆ. ನನಗೆ ಭೂಮಿಯ ನೌಕೆಯಲ್ಲಿ ಸೀಟು ಸಿಕ್ಕಿದೆ, ಅದೂ ಕಿಟಕಿ ಪಕ್ಕ. ಸಂತೋಷ ಮಾತ್ರ ಸಿಕ್ಕಿಲ್ಲ.

ಮಂಡಿಗೆ ಕಾವು ಕೊಡುವುದನ್ನು ಬಿಡಬೇಡ. ಅಪ್ಪನಿಗೆ ನಮಸ್ಕಾರ, ತಂಗಿಯ ಕಿವಿಗೆ ನನ್ನ ಲೆಕ್ಕದಲ್ಲಿ ಒಂದು ಹಿಂಡು.

ನಿನ್ನ ಬಾಯಿಬಡುಕಿ

ಅವಸರದಲ್ಲಿ ಇನ್ನೊಂದು: ನೌಕೆ ಹೊರಡುತ್ತಿದೆ. ನನ್ನ ಸೀಟಿನಲ್ಲಿ ಈ ಕಾಗದವೇ ಕೂತು ಬರುತ್ತದೆ ಅಮ್ಮಾ. ಹತ್ತುವ ಮೊದಲು ಯಂತ್ರದ ಹತ್ತಿರ ಹೋಗಿ ನಾನೂ ಸೋತೆ ಎಂದುಬಿಟ್ಟೆ. ಇಬ್ಬರೂ ಸೋತರೆ ಗೆದ್ದವರು ಯಾರು ಎಂದು ಮಾವ ಕಕ್ಕಾಬಿಕ್ಕಿಯಾಗಿ ಕೇಳಿದ. "ಅದಕ್ಕೆ ನಮ್ಮಲ್ಲಿ ಸಂಸಾರ ಅಂತಾರೆ ಮಾವಾ" ಅಂದೆ. ಗಣಿಗೆ ಇಬ್ಬರನ್ನೂ ಒಂದೇ ಸರಪಳಿಯಲ್ಲಿ ಕಳಿಸುತ್ತಿದ್ದಾರೆ. ಅಳಬೇಡ, ಅಳಿಯ ಒಳ್ಳೆಯವನು.