ಗಾಳಿಯಂತ್ರವಿರುವ ನಮ್ಮೂರು

ಬರ್ಕಾ, ಶುಕ್ರವಾರ

ಕ್ಲೆಮೆಂಟಿನಾ ಟೀಚರಿಗೆ ನಮಸ್ಕಾರ.

ನನ್ನ ಮಗಳು ಹಿಬಾ 'ನಮ್ಮೂರು' ಪ್ರಬಂಧವನ್ನು ಕದ್ದು ಬರೆದಿದ್ದಾಳೆ ಎಂದಿರಿ. ಕದ್ದಿಲ್ಲ ಟೀಚರ್. ನಾನೂರು ವರ್ಷದ ಚರ್ಚು, ಗಾಳಿಯಂತ್ರ, ಕಾಲುವೆಯ ಮರದ ಸೇತುವೆ ಎಲ್ಲವೂ ನಮ್ಮ ಅಡುಗೆಮನೆಯ ಹಳೇ ಕ್ಯಾಲೆಂಡರಿನಲ್ಲಿರುವ ಹಾಲೆಂಡಿನ ಹಳ್ಳಿಯವು. ಚಿತ್ರದ ಕೆಳಗೆ ಇತಿಹಾಸವೂ ಇದೆ. ಚಿಕ್ಕವಳಿದ್ದಾಗ "ಉಪ್ಪಾ, ನಮ್ಮ ಊರು ಹೇಗುಂಟು?" ಎಂದು ಹಟ ಹಿಡಿದಿದ್ದಳು. ಅಂಗಡಿಗೆ ಹೊರಟಿದ್ದ ನಾನು ಅದನ್ನೇ ತೋರಿಸಿ "ಇದೇ" ಎಂದುಬಿಟ್ಟೆ. ನಾನು ಮರೆತೆ, ಅವಳು ಮರೆಯಲಿಲ್ಲ.

ತಪ್ಪು ನನ್ನದು, ಅವಳ ಅಂಕ ಕಳೆಯಬೇಡಿ. ಸರಿ ಮಾಡೋಣವೆಂದು ನಿನ್ನೆ ಕೂತರೆ, ನಮ್ಮ ಉಪ್ಪಿನಂಗಡಿಯ ಬಗ್ಗೆ ನಾಲ್ಕು ಸಾಲು ಹೊರಡಲಿಲ್ಲ. ಆ ಹಳ್ಳಿಯದು ಮಾತ್ರ ನನಗೂ ಬಾಯಿಪಾಠವಾಗಿತ್ತು. ಇಲ್ಲಿ ಗಲ್ಫಿನಲ್ಲೇ ಹುಟ್ಟಿ ಬೆಳೆದ ಅವಳನ್ನು ಮುಂದಿನ ತಿಂಗಳು ಮೊದಲ ಸಲ ಊರಿಗೆ ಕರೆದೊಯ್ಯುತ್ತೇನೆ. ಗಾಳಿಯಂತ್ರ ಎಲ್ಲೆಂದು ಕೇಳಿದರೆ ಯಾವ ಕಡೆ ಕೈ ತೋರಿಸಲಿ?

ಹಿಬಾಳ ತಂದೆ,
ಮಹ್ರೂಫ್