ಕೆರೆಯ ನೀರಿನಲ್ಲಿ ಮಾವ

ಸೂಳೆಕೆರೆ ಏರಿ ಪಕ್ಕದ ಮನೆಯಿಂದ,
ಚನ್ನಗಿರಿ ತಾಲೂಕು
ತಾ. ೨೧-೪-೨೦೨೫

ನಮ್ಮ ಯಜಮಾನರಿಗೆ ಚೌಡೇಶ್ವರಿ ಮಾಡುವ ನಮಸ್ಕಾರಗಳು.

ನೀವು ಹೇಗಿದ್ದೀರಿ? ಸಿಂಧನೂರಿನ ಬಿಸಿಲು ನಮ್ಮ ಕಡೆಯದಕ್ಕಿಂತ ಕೆಟ್ಟದ್ದಂತೆ, ಟಿವಿಯಲ್ಲಿ ತೋರಿಸಿದರು. ಭತ್ತ ಕೊಯ್ಯುವ ಮೆಷಿನ್ನಿನ ಮೇಲೆ ಕೂತರೆ ಕೆಳಗಿನ ಬಿಸಿ ಬೇರೆ. ತಲೆಗೆ ಟವಲು ಸುತ್ತಿಕೊಳ್ಳಿ, ಮಜ್ಜಿಗೆ ಕುಡಿಯಿರಿ. ಮಧ್ಯಾಹ್ನ ನೆರಳೆಂದು ಮೆಷಿನ್ನಿನ ಅಡಿಯಲ್ಲಿ ಮಲಗಬೇಡಿ, ಯಾರಾದರೂ ನೋಡದೆ ಚಾಲೂ ಮಾಡಿದರೆ ಏನು ಗತಿ ಎಂದು ನನಗೆ ದಿನವೂ ಅದೇ ಯೋಚನೆ. ವಿಜಯಶ್ರೀ ಪರೀಕ್ಷೆ ಮುಗಿಸಿ ರಜೆಯಲ್ಲಿ ಮನೆಯಲ್ಲೇ ಇದ್ದಾಳೆ, ಅಪ್ಪ ಬರುವಾಗ ಬಳೆ ತರಲಿ ಎಂದಿದ್ದಾಳೆ. ಫೋನು ಬಿಟ್ಟು ಕಾಗದ ಯಾಕೆ ಬರೆದಳು ಅನ್ನಬೇಡಿ. ಇರುವುದೊಂದು ನಡುಮನೆ, ನಾನು ಎಲ್ಲಿ ನಿಂತು ಮಾತಾಡಿದರೂ ಮಾವನಿಗೆ ಕೇಳುತ್ತದೆ. ಮೆಷಿನ್ನಿನ ಬ್ಲೇಡು ತೆಗೆದುಕೊಂಡು ಸಿದ್ದೇಶ್ ನಿಮ್ಮ ಹತ್ತಿರ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮಾವನ ವಿಷಯ. ಲಕ್ವ ಹೊಡೆದು ತೊದಲುತ್ತಿದ್ದ ಮಾತು ಈಗ ಸುಮಾರು ಸರಿಹೋಗಿದೆ, ಕೈಯೂ ಪರವಾಗಿಲ್ಲ, ಎಡಗಾಲೇ ಬರುತ್ತಿಲ್ಲ. ಗೋಡೆ ಹಿಡಿದು ಕೋಲೂರಿ ಎಳೆದುಕೊಂಡು ಓಡಾಡುತ್ತಾರೆ. ನೀವು ಹೋದ ಮೇಲೆ ದಾವಣಗೆರೆ ಆಸ್ಪತ್ರೆಗೆ ಮೀನು ಹಿಡಿಯುವ ಬೀರಲಿಂಗಣ್ಣನ ಜೊತೆ ಕರೆದುಕೊಂಡು ಹೋಗಿದ್ದೆನಲ್ಲ, ಅಲ್ಲಿ ವ್ಯಾಯಾಮ ಮಾಡಿಸುವ ಚೈತ್ರಶ್ರೀ ಎಂಬ ಡಾಕ್ಟರಮ್ಮ ಇದ್ದಾಳೆ, ಚಿಕ್ಕ ಹುಡುಗಿ. ನೆಲದ ಮೇಲೆ ನಡೆಸಿದರೆ ಮೈಭಾರವೆಲ್ಲ ಆ ಕಾಲಿನ ಮೇಲೆ ಬೀಳುತ್ತದೆ, ಬೀಳುವ ಹೆದರಿಕೆಗೇ ಇವರು ಕಾಲು ಬಿಗಿ ಹಿಡಿಯುತ್ತಾರೆ, ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ ನಡೆಸಿದರೆ ಅರ್ಧಕ್ಕಿಂತ ಹೆಚ್ಚು ಭಾರ ನೀರೇ ಹೊರುತ್ತದೆ, ನೀರನ್ನು ತಳ್ಳಿಕೊಂಡು ಹೋಗುವಾಗ ಕಾಲಿಗೆ ಬಲವೂ ಬರುತ್ತದೆ ಎಂದು ಬಿಡಿಸಿ ಹೇಳಿದಳು. ಅದಕ್ಕೆಂದೇ ಆಸ್ಪತ್ರೆಯಲ್ಲಿ ಕೊಳ ಇದೆ, ಅಲ್ಲಿಗೆ ದಿನಾ ಹೋಗಿಬರಲು ನಮ್ಮಿಂದ ಆಗುತ್ತದೆಯೇ? ನಮ್ಮೂರಲ್ಲಿ ಕೆರೆ ಇದೆ ಅಂದೆ. ಆಕೆ ತುಂಬ ಯೋಚನೆ ಮಾಡಿ, ಕಾಲಿಗೆ ಗಟ್ಟಿನೆಲ ಸಿಗುವ ಕಡೆ, ಬಿಸಿಲೇರಿ ನೀರು ಬೆಚ್ಚಗಾದ ಮೇಲೆ ನಡೆಸಿ, ಸೋತ ಕಾಲಿನ ಕಡೆ ಒಬ್ಬರು ಹಿಡಿದೇ ಇರಬೇಕು, ಒಂದು ಗಳಿಗೆಯೂ ಕೈ ಬಿಡಬಾರದು ಎಂದಳು. ಈಗ ಮಾಡಿಸಿದ್ದು ಕಾಲಿಗೆ ಹತ್ತುತ್ತದೆ, ತಡ ಮಾಡಿದಷ್ಟೂ ಕಷ್ಟವಂತೆ. ಆ ಮಾತೇ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಮೊದಲು ಬೀರಲಿಂಗಣ್ಣ ಹಿಡಿದ. ಬಟ್ಟೆ ಒಗೆಯುವ ಮೆಟ್ಟಿಲಿನ ಪಕ್ಕ ಕಲ್ಲುಹಾಸು ಇದೆಯಲ್ಲ, ಅಲ್ಲಿ. ನಾನು ದಡದಲ್ಲಿ ಟವಲು ಹಿಡಿದು ನಿಂತಿರುತ್ತಿದ್ದೆ. ಬಿಪಿ ಮಾತ್ರೆ ಕೊಟ್ಟೆನೋ ಇಲ್ಲವೋ, ಜಿಗಣೆ ಹತ್ತಿದರೆ ಏನು ಮಾಡಲಿ, ಅಂತ ನೀರಿನಲ್ಲಿ ಇದ್ದವರಿಗಿಂತ ನನಗೇ ಹೆಚ್ಚು ನಡುಕ. ಮಾವ ಮಾತ್ರ ನೀರಿಗಿಳಿದರೆ ಬೇರೆ ಮನುಷ್ಯರೇ. ಬೀರಲಿಂಗಣ್ಣನ ಜೊತೆ ಹಳೇ ಕಾಲದ ಮೀನಿನ ಕಥೆ ಹೇಳಿಕೊಂಡು ಒಂದೊಂದೇ ಹೆಜ್ಜೆ ಎತ್ತುತ್ತಿದ್ದರು, ಮನೆಗೆ ಬಂದು ಒಂದು ಮುದ್ದೆ ಜಾಸ್ತಿ ಉಣ್ಣುತ್ತಿದ್ದರು. ಅಷ್ಟರಲ್ಲಿ ಬೀರಲಿಂಗಣ್ಣನಿಗೆ ಹೊನ್ನಾಳಿಯ ಹೊಳೆಯಲ್ಲಿ ಮೀನು ಹಿಡಿಯುವ ಕೆಲಸ ಸಿಕ್ಕಿತು, ಹೊರಟುಹೋದ. ಊರಿನ ಗಂಡಸರೆಲ್ಲ ಕೊಯ್ಲಿನಲ್ಲಿ ಇದ್ದಾರೆ. ಒಂದು ದಿನ ಬಂದವರು ಮರುದಿನ ಬರುವುದಿಲ್ಲ, ಅವರದ್ದೂ ತಪ್ಪಲ್ಲ.

ಉಳಿದವಳು ನಾನು. ನಮ್ಮ ಮನೆಯ ರೀತಿ ನಿಮಗೆ ಗೊತ್ತಿರುವುದೇ. ಮದುವೆಯಾಗಿ ಬಂದಾಗಿನಿಂದ ಮಾವನ ಎದುರು ನಾನು ಕೂತವಳಲ್ಲ, ಕೈಗೆ ಕೈ ತಗುಲೀತು ಎಂದು ನೀರಿನ ಚೊಂಬನ್ನೂ ಕಟ್ಟೆಯ ಮೇಲಿಟ್ಟು ಸರಿದು ನಿಲ್ಲುತ್ತಿದ್ದೆ. ಆಸ್ಪತ್ರೆಯಲ್ಲಿ ಆ ಹುಡುಗಿ ಕಾಲು ಹಿಡಿದು ಎತ್ತಿ ಮಡಚಿದರೂ ಮಾವ ಏನೂ ಅನ್ನಲಿಲ್ಲ, ಅವಳು ಡಾಕ್ಟರು. ಸೊಸೆ ಹಿಡಿಯಬಾರದು. ನಾನು ಹಿಡಿಯುತ್ತೇನೆ ಎಂದು ಬಾಯಿಬಿಟ್ಟು ಕೇಳುವ ಧೈರ್ಯವೂ ಬರಲಿಲ್ಲ. ಬೀರಲಿಂಗಣ್ಣ ಬಿಟ್ಟುಹೋದ ಬಲೆಯ ಹಗ್ಗ ಇತ್ತು, ಅದನ್ನು ಅವರ ಸೊಂಟಕ್ಕೆ ಅವರ ಕೈಯಿಂದಲೇ ಕಟ್ಟಿಸಿ, ಇನ್ನೊಂದು ತುದಿ ನಾನು ಮೆಟ್ಟಿಲ ಮೇಲೆ ಹಿಡಿದುಕೊಂಡೆ. ಮಾವ ನಕ್ಕರು. “ನನ್ನನ್ನೇನು ಎಮ್ಮೆ ಮಾಡಿದ್ಯೇನವ್ವ, ಮೈ ತೊಳ್ಯಾಕೆ ಹೊಡ್ಕಂಡು ಬಂದಂಗೈತೆ” ಅಂದರು. ನನಗೂ ನಗು ಬಂತು. ಹೀಗೇ ನಡೆಯುತ್ತದೆ ಎಂದುಕೊಂಡೆ. ಡಾಕ್ಟರಮ್ಮ ಹಗ್ಗದ ಮಾತು ಹೇಳಿರಲಿಲ್ಲ, ಹಿಡಿದೇ ಇರಬೇಕು ಎಂದಿದ್ದಳು. ಅದು ಗೊತ್ತಿದ್ದೂ ಹೀಗೆ ಮಾಡಿದೆ.

ಮೊನ್ನೆ ಶನಿವಾರ ಪಾಚಿಗೆ ಕಾಲು ಜಾರಿತು. ಹಗ್ಗ ಎಳೆದರೆ ಸೊಂಟ ಮೇಲೆ ಬಂತು, ತಲೆ ಒಳಗೆ ಹೋಯಿತು. ನಾನು ಹೇಗೆ ಇಳಿದೆನೋ ಗೊತ್ತಿಲ್ಲ, ಈಜು ಬಾರದವಳು, ಸೀರೆ ಸಮೇತ ಹೋಗಿ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ಎದೆಗೆ ಒರಗಿಸಿಕೊಂಡೆ. ಕೆಮ್ಮಿದರು, ಉಸಿರು ಬಂತು. ಮೆಟ್ಟಿಲು ಹಗ್ಗದುದ್ದ ದೂರವಿತ್ತು, ಹಾಗೇ ಹಿಡಿದು ನಡೆಸಿಕೊಂಡು ಬಂದೆ. ಹನುಮಂತಮ್ಮ ಬಟ್ಟೆ ಒಗೆಯುತ್ತಿದ್ದಳು. “ಏನೇ ಚೌಡಿ, ಮಾವನ್ನ ಕೂಸಿನಂಗೆ ಅಪ್ಕೊಂಡು ಬರ್ತಿದ್ಯಲ್ಲೇ” ಅಂದಳು. ಅವಳದು ಕೆಟ್ಟ ಮನಸ್ಸಲ್ಲ, ಗಾಬರಿಗೆ ನಗೆಯಾಡಿದಳು, ಆಮೇಲೆ ಅವಳೇ ಓಡಿಬಂದು ಟವಲು ಹೊದಿಸಿದಳು. ಆದರೆ ಮಾವನಿಗೆ ಕೇಳಿಸಿಬಿಟ್ಟಿತ್ತು.

ಅಂದಿನಿಂದ ನನ್ನ ಮುಖ ನೋಡುತ್ತಿಲ್ಲ. ತಟ್ಟೆ ಅಲ್ಲಿಟ್ಟು ಹೋಗು ಅನ್ನುತ್ತಾರೆ, ಹೋಗಿ ನೋಡಿದರೆ ಅರ್ಧ ಹಾಗೇ ಇರುತ್ತದೆ. ಬಿಸಿಲೇರಿದಾಗ ಟವಲು ತಂದು ಎದುರಿಟ್ಟೆ, ಗೋಡೆ ಕಡೆ ತಿರುಗಿ, “ಕೆರೆ ಮಾತು ಎತ್ತಬ್ಯಾಡವ್ವ. ನಮ್ಮ ಹುಡುಗಂಗೂ ಹೇಳಬ್ಯಾಡ” ಅಂದರು. ಅತ್ತೆ ಇದ್ದಿದ್ದರೆ ಗದರಿಸಿ ಕರೆದುಕೊಂಡು ಹೋಗುತ್ತಿದ್ದರು. ನಾನು ಗದರಿಸಲೇ, ಅಳಲೇ, ಸುಮ್ಮನಿರಲೇ? ಬೇಸಿಗೆಗೆ ನೀರು ಹಿಂದೆ ಸರಿಯುತ್ತಿದೆ, ಇನ್ನು ಸ್ವಲ್ಪ ದಿನಕ್ಕೆ ಕಲ್ಲುಹಾಸು ನೀರಿನಿಂದ ಹೊರಬಿದ್ದು ಆಚೆ ಬರೀ ಕೆಸರಾಗುತ್ತದೆ. ಕೊಯ್ಲು ಬಿಟ್ಟು ನೀವು ಬರಲಾಗುವುದಿಲ್ಲ ಎಂದು ನನಗೂ ಗೊತ್ತು, ಮೆಷಿನ್ನಿನ ಸಾಹುಕಾರ ಬೇರೆಯವನನ್ನು ಕೂರಿಸಿಬಿಡುತ್ತಾನೆ. ಬನ್ನಿ ಅಂತಲೂ ಬರೆಯಲಾರೆ, ಬರಬೇಡಿ ಅಂತಲೂ ಬರೆಯಲಾರೆ.

ನೀವು ಹುಷಾರು. ನಿಮ್ಮ ಜೊತೆ ಇರುವ ಗಾದ್ರಪ್ಪನವರಿಗೆ ಕೇಳಿದೆನೆಂದು ಹೇಳಿ. ಮಗಳು ನಿಮ್ಮ ಕಾಲಿಗೆ ಬೀಳುತ್ತಾಳೆ. ಮನೆದೇವರು ನಿಮ್ಮನ್ನು ಕಾಪಾಡಲಿ.

ಇಂತಿ ನಿಮ್ಮ
ಚೌಡೇಶ್ವರಿ

ತಾ.ಕ.: ಸಿದ್ದೇಶ್ ಬಾಗಿಲಲ್ಲಿ ಹಾರನ್ ಹೊಡೆಯುತ್ತಿದ್ದಾನೆ. ಕಾಗದ ಓದಿದ ಕೂಡಲೇ ಮಾವನಿಗೆ ಫೋನು ಮಾಡಿ, ನನಗಲ್ಲ. ನೀರಿನಲ್ಲಿ ನೀನೇ ಹಿಡಿದುಕೋ ಎಂದು ಬೀರಲಿಂಗಣ್ಣ ಹೋದಾಗಲೇ ಫೋನಿನಲ್ಲಿ ನಾನೇ ಅವಳಿಗೆ ಹೇಳಿದ್ದೆ ಅನ್ನಿ. ನೀವು ಹೇಳಿರಲಿಲ್ಲ, ಆದರೂ ಅನ್ನಿ, ಆ ಪಾಪ ನನಗಿರಲಿ. ಇನ್ನೊಂದು ಮಾತು. ಅವತ್ತು ಮೆಟ್ಟಿಲವರೆಗೆ ಹಿಡಿದು ತರುವಾಗ ಎಡಗಾಲು ತಾನಾಗಿ ಎದ್ದು ಮುಂದೆ ಬಂತು, ಒಂದು ಸಲವಲ್ಲ, ಬಂದಷ್ಟು ದೂರವೂ. ನೀರು ತಿಳಿಯಾಗಿತ್ತು, ನಾನು ಕಣ್ಣಾರೆ ಕಂಡೆ. ಮಾವನಿಗೆ ಗೊತ್ತಿಲ್ಲ. ನಾನು ಹಿಡಿದಿದ್ದೇನೆಂದು ಅವರು ಕಣ್ಣು ಮುಚ್ಚಿಕೊಂಡಿದ್ದರು.