ಷೋಕೇಸಿನ ಎಣ್ಣೆ

3 ಮಾರ್ಚ್ 1952, ಸೋಮವಾರ
ಕಾಲೇಜು ಮುಗಿಸಿ ಸೀದಾ ನಗರ್ತಪೇಟೆ, ಅಪ್ಪನ ಎಣ್ಣೆ ಅಂಗಡಿ. ಷೋಕೇಸಿನ ಬಾಟಲಿಗಳನ್ನೆಲ್ಲ ಒರೆಸಿದೆ. ಡಬ್ಬದಿಂದ ಅಳೆದು ಕೊಡುವುದು ಬೇಡ, ಗಾಜಿನ ಬಾಟಲಿಯಲ್ಲಿ ತುಂಬಿಡಿ ಎಂದು ಸಂಕ್ರಾಂತಿಯಲ್ಲಿ ಹೇಳಿದವಳು ನಾನೇ. ಬಿಸಿಲಿಗೆ ಕಡಲೆಕಾಯಿ ಎಣ್ಣೆ ಎಷ್ಟು ಚೆನ್ನಾಗಿ ಹೊಳೆಯುತ್ತದೆ... ಅಪ್ಪ ನೋಡಿ ನೋಡಿ ಮೀಸೆಯಲ್ಲೇ ನಗುತ್ತಾರೆ.

6 ಮಾರ್ಚ್
ಪಕ್ಕದ ಮನೆ ಭಾಗೀರಥಮ್ಮ ಬಾಟಲಿ ಹಿಡಿದು ಚಾಮರಾಜಪೇಟೆಯಿಂದ ಅಂಗಡಿಗೇ ಬಂದು ಅಪ್ಪನ ಮುಂದಿಟ್ಟರು.
“ಹಪ್ಪಳ ಕರಿದೆ, ವೃಷಭೇಂದ್ರಪ್ಪನೋರೇ. ನಮ್ಮನೆಯೋರು ತಟ್ಟೆ ಸರಿಸ್ಬಿಟ್ರು. ನೀವೇ ಮೂಸಿ ನೋಡಿ.”
ಕಮಟು. ಈ ವಾರ ಇದು ನಾಲ್ಕನೆಯ ದೂರು.
“ಪುಟ್ಟಯ್ಯ ಹಳೇ ಎಣ್ಣೆ ಬೆರೆಸ್ತಿದಾನೆ” ಎಂದರು ಅಪ್ಪ. ಮಾವಳ್ಳಿಯ ಗಾಣದ ಪುಟ್ಟಯ್ಯ. ನಾನು ಹುಟ್ಟುವ ಮೊದಲಿಂದ ನಮಗೆ ಎಣ್ಣೆ ಕೊಡುವವರು.

7 ಮಾರ್ಚ್
ಅಪ್ಪ ಕರೆಸಿ ಕೇಳಿದರು. ಪುಟ್ಟಯ್ಯನವರು ಬಾಟಲಿ ಮೂಸಿ ಕೆಳಗಿಟ್ಟರು.
“ನಮ್ಮನೆ ಬಿಟ್ಟಾಗ ಹಿಂಗಿರ್ಲಿಲ್ಲ ಯಜಮಾನ್ರೇ.”
“ಯುಗಾದಿ ಆದ್ಮೇಲೆ ಬೇರೆ ಕಡೆ ನೋಡ್ಕೋತೀನಿ” ಎಂದರು ಅಪ್ಪ.
ಪುಟ್ಟಯ್ಯನವರು ಚಪ್ಪಲಿ ಮೆಟ್ಟುವುದನ್ನೇ ಮರೆತು ಬೀದಿಗಿಳಿದರು, ಮತ್ತೆ ವಾಪಸು ಬಂದರು. ನೋಡಲಾಗಲಿಲ್ಲ.

10 ಮಾರ್ಚ್
ಎಣ್ಣೆ ಯಾಕೆ ಕಮಟಾಗುತ್ತದೆ ಎಂದು ಕೆಮಿಸ್ಟ್ರಿ ಮೇಷ್ಟ್ರು ರಾಮಾನುಜ ಅವರನ್ನು ಕೇಳಿದೆ.
“ಎಣ್ಣೆ ಗಾಳೀಲಿರೋ ಆಕ್ಸಿಜನ್ ಹೀರ್ಕೊಂಡು ಕೆಡತ್ತಮ್ಮ. ಬೆಳಕು ಬಿದ್ರೆ ಇನ್ನೂ ಬೇಗ. ಎಲ್ಲಿಟ್ಟಿದೀರಿ?”
“ಷೋಕೇಸಿನಲ್ಲಿ ಸರ್, ಗಾಜಿನ ಬಾಟಲೀಲಿ” ಎಂದೆ. ಹಾಗಾದರೆ ಕೆಡಿಸಿದ್ದು ನನ್ನ ಉಪಾಯವೇ?
ಸಂಜೆ ಪುಟ್ಟಯ್ಯನವರ ಇವತ್ತಿನ ಎಣ್ಣೆಯನ್ನೇ ಎರಡು ಬಾಟಲಿಗೆ ಸಮನಾಗಿ ತುಂಬಿದೆ. ಒಂದಕ್ಕೆ ಕಪ್ಪು ಕಾಗದ ಸುತ್ತಿದೆ. ಎರಡನ್ನೂ ಮನೆಯ ಮಾಳಿಗೆ ಮೇಲೆ, ದಿನವೆಲ್ಲ ಬಿಸಿಲು ಬೀಳುವ ಕಡೆ ಅಕ್ಕಪಕ್ಕ ಇಟ್ಟಿದ್ದೇನೆ. ಅಪ್ಪನಿಗೆ ಹೇಳಿಲ್ಲ.

22 ಮಾರ್ಚ್, ಶನಿವಾರ
ಅಮ್ಮ ಅಪ್ಪನ ಕಣ್ಣಿಗೆ ಟವೆಲ್ ಕಟ್ಟಿದಳು. ಕಾಗದ ಸುತ್ತಿದ್ದನ್ನು ಮೊದಲು ಮೂಗಿಗೆ ಹಿಡಿದೆ.
“ಘಮ್ಮಂತಿದೆ. ಯಾರೋ ಹೊಸಬರದು.”
ಇನ್ನೊಂದು ಹಿಡಿದೆ. ಮುಖ ಕಿವುಚಿದರು. “ಪುಟ್ಟಯ್ಯಂದು.”
“ಎರಡೂ ಅವರದೇ ಅಪ್ಪಾ. ಒಂದೇ ದಿನದ್ದು. ಕೆಟ್ಟಿದ್ದು ಬೆಳಕಿಗೆ.”
ಅಮ್ಮ ನಕ್ಕೂ ನಕ್ಕೂ ಕೂತೇಬಿಟ್ಟಳು. ಅಪ್ಪ ಟವೆಲ್ ಬಿಚ್ಚಿದರು. ಕಾಗದ ತೆಗೆದು ಎರಡನ್ನೂ ಅಕ್ಕಪಕ್ಕ ಹಿಡಿದರು. ಕಾಗದವಿಲ್ಲದೆ ಬಿಸಿಲು ಕುಡಿದದ್ದರ ಬಣ್ಣವೂ ಪೇಲವ.
“ಅವನಿಗೆ ಏನಂದ್ಬಿಟ್ಟೆ ನಾನು, ರುದ್ರಾಣಿ...” ಎಂದರು ನನ್ನ ಕಡೆ ತಿರುಗಿ.

23 ಮಾರ್ಚ್
ಬೆಳಿಗ್ಗೆಯೇ ಜಟಕಾದಲ್ಲಿ ಮಾವಳ್ಳಿಗೆ. ಅಪ್ಪ ಗಾಣದ ಮನೆಗೆ ಹೋದದ್ದು ಇದೇ ಮೊದಲು. ನಾನೇ ಮುಂದಾಗಿ ಹೇಳಿದೆ — “ತಪ್ಪು ನಂದು. ಗಾಜಿನ ಬಾಟಲಿ ನಾನು ಹೇಳಿದ್ದು.”
ಪುಟ್ಟಯ್ಯನವರು ಎತ್ತು ನಿಲ್ಲಿಸಿದರು. “ಬೆಳಕು ಎಣ್ಣೆಗಾಗಲ್ಲ ಅಂತ ನಮ್ಮಜ್ಜಿ ಕತ್ತಲೆ ಕೋಣೇಲೇ ಗಡಿಗೆ ಇಡೋಳವ್ವ.”
“ಅವತ್ತೇ ಹೇಳೋದಲ್ವೇನೋ?” ಅಪ್ಪ.
“ಹೇಳಿದ್ರೆ ಕೇಳ್ತಿದ್ರಾ?”
ಅಪ್ಪ ಒಪ್ಪಿಕೊಂಡರು. “ಇಲ್ಲ.”
ಇಬ್ಬರಿಗೂ ಒಟ್ಟಿಗೇ ನಗು ಬಂತು. “ತಪ್ಪಾಯ್ತು ಪುಟ್ಟಯ್ಯ” ಎನ್ನುತ್ತ ಅಪ್ಪ ಅವರ ಎಣ್ಣೆ ಮೆತ್ತಿದ ಕೈ ಹಿಡಿದುಕೊಂಡರು.

26 ಮಾರ್ಚ್, ಯುಗಾದಿ. ಮಧ್ಯಾಹ್ನ 3
ಪುಟ್ಟಯ್ಯನವರೂ ಅವರ ಹೆಂಡತಿ ಮುನಿಯಮ್ಮನವರೂ ಊಟಕ್ಕೆ ಬಂದಿದ್ದರು. ಅಪ್ಪ ಪುಟ್ಟಯ್ಯನವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೋಳಿಗೆಗೆ ತುಪ್ಪ ತಾವೇ ಬಡಿಸಿದರು. ಬಂದವರಿಗೆಲ್ಲ ಆಕ್ಸಿಜನ್ ವಿಷಯ ಹೇಳಿದರು — ತಾವೇ ಕಂಡುಹಿಡಿದ ಹಾಗೆ. ಹೇಳಿದ್ದರಲ್ಲಿ ಅರ್ಧ ತಪ್ಪು. ಈಗ ಹಜಾರದಿಂದ ಅಪ್ಪ ನನ್ನನ್ನು ಕರೆಯುತ್ತಿದ್ದಾರೆ, ಪುಟ್ಟಯ್ಯನವರಿಗೆ ಅರ್ಥವಾಗಲಿಲ್ಲವಂತೆ. ಮುನಿಯಮ್ಮನವರು ಆಗಲೇ ಬಾಗಿಲಿಗೆ ಬಂದು ನಿಂತಿದ್ದಾರೆ — “ಬಾರವ್ವ, ನೀನೇ ಮೊದಲಿಂದ ಹೇಳು, ಯಜಮಾನ್ರು ಹೇಳಿದ್ದು ಯಾರಿಗೂ ತಿಳೀಲಿಲ್ಲ.” ಪೆನ್ನು ಮುಚ್ಚುತ್ತೇನೆ.